ಮಂಗಳ ಹಾಡಿದ ಮೇಲಿನ ಮಾತು

ನಮ್ಮ ಊರಿನವರು ಬಹಳ ಸಹನೆಯವರು. ಇದು ನಾನು ಹೇಳುವ ಮಾತಲ್ಲ, ಊರಿನವರೇ ಹೇಳಿಕೊಳ್ಳುವುದು. ಸಿದ್ದಾಪುರದಿಂದ ಹೆಗ್ಗರಣೆ ಕಡೆಗೆ ಬಂದ ಯಾರನ್ನಾದರೂ ಜಗಲಿಯಲ್ಲಿ ಕೂರಿಸಿ, ಆಸರಿಗೆ ಕೊಟ್ಟು, ಅವರು ಲೋಟ ಕೆಳಗಿಡುವಷ್ಟರಲ್ಲಿ “ನಮ್ಮಲ್ಲಿ ಜಗಳ ಹೇಳದೇ ಇಲ್ಲೆ” ಎಂದು ಹೇಳಿ ಮುಗಿಸಿರುತ್ತಿದ್ದರು. ನಿಜ, ಜಗಳ ಇರಲಿಲ್ಲ. ಜಗಳ ಇದ್ದಿದ್ದರೆ ಎಷ್ಟೋ ವಾಸಿಯಿತ್ತು ಎಂದು ನನಗೆ ಅನ್ನಿಸಿದ್ದುಂಟು. ಬೈದವರಿಗೆ ತಿರುಗಿ ಬೈಯಬಹುದು. “ಅಡ್ಡಿಲ್ಲೆ, ಅಡ್ಡಿಲ್ಲೆ” ಎಂದು ನಕ್ಕು ಎಲೆಯಡಿಕೆ ಕವಳದ ಬಟ್ಟಲನ್ನು ಮುಂದೆ ತಳ್ಳುವವರಿಗೆ ಏನು ಮಾಡುವುದು, ನೀವೇ ಹೇಳಿ.

ನಾನು ಯಲ್ಲಾಪುರ ತಾಲೂಕಿನ ಉಮ್ಮಚಗಿ ಕಡೆಯವಳು. ಮದುವೆಯಾಗಿ ಈ ಊರಿಗೆ ಬಂದೆ. ನನ್ನ ಗಂಡ ಇಲ್ಲಿಯ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿದ್ದರು. ಮದುವೆಯಾದ ಹೊಸತರಲ್ಲೇ, ನಾನು ತವರಿನಿಂದ ತಂದ ಕೃಷ್ಣನ ಪುಟ್ಟ ಮೂರ್ತಿಯನ್ನು ದೇವರ ಗೂಡಿನಲ್ಲಿಡುತ್ತಿದ್ದಾಗ ಬಾಗಿಲಲ್ಲಿ ನಿಂತು, “ನಿಂಗೆ ಮೊದಲೇ ಹೇಳ್ಬಿಡ್ತೆ. ಎಂಗೆ ದೇವರು ಹೇಳದು ಇಲ್ಲೆ. ನಿಂಗಿದ್ರೆ ಇರ್ಲಿ” ಎಂದರು. ತನಗೆ ಹುಳಿ ಮಜ್ಜಿಗೆ ಆಗುವುದಿಲ್ಲ ಎಂದು ಹೇಳುವ ಧಾಟಿಯಲ್ಲಿ ಹೇಳಿದರು! ನಾನು ಆ ದಿನ ಬಚ್ಚಲ ಒಲೆಯ ಮುಂದೆ ಕೂತು ಅತ್ತೆ. ಏನೋ ದೊಡ್ಡ ಪೆಟ್ಟು ಬಿದ್ದು ಹೀಗಾಗಿರಬೇಕು, ಯಾರದೋ ಸಾವು, ಯಾವುದೋ ತಪ್ಪಿದ ಹರಕೆ ಎಂದು ಅತ್ತೆಯವರನ್ನು ಸುತ್ತುಬಳಸಿ ಕೇಳಿದೆ. ಅಂಥದ್ದೇನೂ ಇರಲಿಲ್ಲ. ಸುಮ್ಮನೆ ಯೋಚಿಸಿ ಯೋಚಿಸಿ ಹಾಗಾದದ್ದು ಎಂದು ಇವರೇ ಆಮೇಲೊಮ್ಮೆ ಹೇಳಿದರು. ಇದು ನನಗೆ ಇನ್ನೂ ಕಷ್ಟವಾಯಿತು. ದುಃಖಕ್ಕಾದರೆ ಸಮಾಧಾನ ಹೇಳಬಹುದು, ಯೋಚನೆಗೆ ಏನು ಹೇಳುವುದು?

ಆದರೆ ಮನುಷ್ಯ ಒಳ್ಳೆಯವರು. ಯಾವತ್ತೂ ನನ್ನ ಪೂಜೆಯನ್ನು ಆಡಿಕೊಳ್ಳಲಿಲ್ಲ. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಹೂವು ಕೊಯ್ದು ತಂದು ಬುಟ್ಟಿಯನ್ನು ಗೂಡಿನ ಹೊರಗಿಟ್ಟು ಹೋಗುತ್ತಿದ್ದರು. ಮಾವನವರು ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಕಾರ್ತಿಕದಲ್ಲಿ ಬರುವ ಅವರ ತಿಥಿಯನ್ನು ಒಂದು ದರ್ಭೆಯೂ ಕಡಿಮೆಯಾಗದಂತೆ ಮಾಡುತ್ತಿದ್ದರು. “ಆಯಿಗೆ ಬೇಕು, ಮಾಡ್ತೆ. ಅದ್ರಲ್ಲಿ ಎಂತ ಇದ್ದು?” ಎನ್ನುತ್ತಿದ್ದರು. ಆಯಿ ಎಂದರೆ ನನ್ನ ಅತ್ತೆ. ಆ ಮುದುಕಿಗೆ ವರ್ಷದ ಉಳಿದ ದಿನಗಳೆಲ್ಲ ಆ ಒಂದು ದಿನಕ್ಕೆ ಕಾಯುವ ದಿನಗಳು. ಆ ದಿನ ಗಂಡ ಮನೆಗೆ ಬಂದು ಉಂಡು ಹೋಗುತ್ತಾರೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೀಗೆ ಮನೆಯೊಳಗೆ ನಾವು ಮೂವರೂ ಮೂರು ಬಗೆಯಾಗಿದ್ದರೂ ಒಂದೇ ಒಲೆಯಲ್ಲಿ ಅನ್ನ ಬೇಯುತ್ತಿತ್ತು.

ಊರಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗಿರಲು ಅವರಿಗೊಂದು ಒಳ್ಳೆಯ ದಾರಿ ಸಿಕ್ಕಿತ್ತು. ಅದು ತಾಳಮದ್ದಳೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಮದ್ದಳೆ ನುಡಿಯುತ್ತದೆ. ಪುರಾಣದ ಪಾತ್ರಗಳಾಗಿ ಪಂಚೆ ಉಟ್ಟ ನಾಲ್ಕಾರು ಜನ ಚಾಪೆಯ ಮೇಲೆ ಕೂತು ವಾದ ಮಾಡುತ್ತಾರೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ನನ್ನ ಗಂಡ ಅರ್ಥ ಹೇಳುವುದರಲ್ಲಿ ಗಟ್ಟಿಗರು. ಅದರಲ್ಲೂ ಹರಿಭಕ್ತನಾದ ಮಗನನ್ನು ಸಹಿಸಲಾರದ ಆ ಅಸುರ ರಾಜನ ಪಾತ್ರ ಇವರ ಹೆಸರಿಗೇ ಬರೆದಿಟ್ಟ ಹಾಗಿತ್ತು. “ಎಲ್ಲೆಲ್ಲಿಯೂ ಇರುವನೆನ್ನುತ್ತೀಯಲ್ಲ ಮಗನೆ, ಹಸಿದವನ ಹೊಟ್ಟೆಯಲ್ಲಿ ಇರುವನೆ ನಿನ್ನ ಹರಿ? ಇರುವುದಾದರೆ ಅವನಿಗೆ ಹಸಿವಾಗುವುದಿಲ್ಲವೆ?” ಎಂದು ಶುದ್ಧ ಪುಸ್ತಕದ ಕನ್ನಡದಲ್ಲಿ ಇವರು ಗುಡುಗಿದರೆ ದೇವಸ್ಥಾನದ ಪೌಳಿಯಲ್ಲಿ ಕೂತವರು ತೊಡೆ ತಟ್ಟಿಕೊಳ್ಳುತ್ತಿದ್ದರು. ನಮ್ಮ ಮನೆಯ ಪುರೋಹಿತ ಭಟ್ಟರು ಎಲ್ಲರಿಗಿಂತ ಮುಂದೆ ಕೂತು, “ಹೋಯ್, ಇದಕ್ಕೆ ಉತ್ತರ ಹೇಳು ನೋಡನ!” ಎಂದು ಭಕ್ತನ ಪಾತ್ರದವನನ್ನು ಕೆಣಕುತ್ತಿದ್ದರು. ದೇವರ ಎದುರಿಗೇ, ದೇವರ ದೀಪದ ಬೆಳಕಿನಲ್ಲೇ, ದೇವರಿಲ್ಲ ಎಂಬುದನ್ನು ಎಷ್ಟು ಚೆನ್ನಾಗಿ ಹೇಳಿದರೆ ಅಷ್ಟು ಶಹಭಾಸ್.

ಇದಕ್ಕೊಂದು ಕಟ್ಟಳೆ ಇತ್ತು. ಕೊನೆಗೆ ಭಾಗವತರು ಮಂಗಳ ಹಾಡುತ್ತಾರೆ. ಮಂಗಳ ಹಾಡಿದ ಮೇಲೆ, ಅಲ್ಲಿಯವರೆಗೆ ಹಲ್ಲು ಕಡಿದುಕೊಂಡು ವಾದಿಸಿದವರೆಲ್ಲ ಒಂದೇ ಹರಿವಾಣದಿಂದ ಕವಳ ಹಾಕಬೇಕು. ಚಾಪೆಯ ಮೇಲೆ ಆಡಿದ ಮಾತನ್ನು ಯಾರೂ ಮನೆಗೆ ಒಯ್ಯುವಂತಿಲ್ಲ. ಹಿಂದೊಮ್ಮೆ ಯಾರೋ ಇಬ್ಬರು ಭಾವಂದಿರು ಮಂಗಳದ ಮೇಲೂ ವಾದ ಬೆಳೆಸಿ ಮಾತು ಬಿಟ್ಟರಂತೆ. ಅವರನ್ನು ಆಮೇಲೆ ಯಾರೂ ಚಾಪೆಗೆ ಕರೆಯಲಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಹುಡುಗು ಬುದ್ಧಿಯವರಿಗೂ ಗೊತ್ತಿರುವ ಕಟ್ಟಳೆ ಇದು. ಇಷ್ಟು ಓದಿಕೊಂಡ ನನ್ನ ಗಂಡ ಅದನ್ನು ಮುರಿದರು.

ನಾವು ಮುಂಬಯಿ ಸರಕಾರದಿಂದ ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷಗಳಾಗಿದ್ದ ಕಾಲ. ಚೌತಿ ಕಳೆದ ಮೇಲೆ ದೇವಸ್ಥಾನದಲ್ಲಿ ತಾಳಮದ್ದಳೆ. ಮಧ್ಯಾಹ್ನದ ಊಟ ಮುಗಿಸಿ ಶುರುವಾದದ್ದು ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ನಾನೂ ಅತ್ತೆಯೂ ಹೆಂಗಸರ ಕಡೆ ಕಂಬಕ್ಕೆ ಒರಗಿ ಕೂತಿದ್ದೆವು. ಇವರ ಅರ್ಥ ಆ ದಿನ ಹಿಂದೆಂದೂ ಕೇಳದಷ್ಟು ಚೆನ್ನಾಗಿತ್ತು. ಮಂಗಳ ಆಯಿತು. ಹರಿವಾಣ ಬಂತು. ಭಟ್ಟರು ಬಾಯಿ ತುಂಬ ಕವಳ ಹಾಕಿಕೊಂಡು, ಸಂತೋಷ ಹೆಚ್ಚಾಗಿಯೇ ಇರಬೇಕು, ತಮಾಷೆಗೆ ಕೇಳಿದರು: “ಮಾಸ್ತರ್ರೇ, ಮಂಗಳ ಆತು. ಈಗ ನಿಜ ಹೇಳಿ. ದೇವರು ಇದ್ನಾ ಇಲ್ಯಾ?”

ಎಲ್ಲರೂ ನಕ್ಕು ಇವರ ಬಾಯಿ ನೋಡಿದರು. ಒಂದು ಚಟಾಕಿ ಹಾರಿಸಿದ್ದರೆ ಮುಗಿದುಹೋಗುತ್ತಿತ್ತು. ‘ನಿಮ್ಮ ದಕ್ಷಿಣೆ ತಪ್ಪುವವರೆಗೆ ಇದ್ದ’ ಎಂದಿದ್ದರೂ ಸಾಕಿತ್ತು, ಭಟ್ಟರೇ ಮೊದಲು ನಗುತ್ತಿದ್ದರು. ಇವರು ಎಲೆಗೆ ಸುಣ್ಣ ಸವರುತ್ತ, ತಲೆಯನ್ನೂ ಎತ್ತದೆ, “ಇಲ್ಲೆ” ಎಂದರು.

ಇನ್ನೂ ಮಾತು ಪೂರಾ ಕೆಟ್ಟಿರಲಿಲ್ಲ. ಭಟ್ಟರು ಕವಳ ಅಗಿಯುವುದನ್ನು ನಿಲ್ಲಿಸಿ, “ಹಾಂಗಾರೆ ವರ್ಷಾ ವರ್ಷಾ ಮಾಡ ತಿಥಿ?” ಎಂದು ಕೇಳಿದರು.

“ಆಯಿಗೆ ಬೇಕು ಹೇಳಿ ಮಾಡ್ತೆ. ಅಪ್ಪಯ್ಯಂಗೆ ಮುಟ್ತು ಹೇಳಿ ಅಲ್ಲ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಧ್ಯಾಹ್ನದಿಂದ ಅಷ್ಟೊತ್ತು ಅದನ್ನೇ ಕೇಳಿ ತಲೆದೂಗಿದವರು ಈಗ ಒಬ್ಬೊಬ್ಬರಾಗಿ ಎದ್ದು ಪಂಚೆ ಕೊಡವಿಕೊಂಡರು. ಭಾಗವತರು ಮಾತ್ರ “ಅಡ್ಡಿಲ್ಲೆ, ಹೊತ್ತಾತು, ಎಲ್ಲರೂ ಹೋಪನ” ಎಂದರು. ಭಟ್ಟರ ಮುಖ ನೋಡಲಾಗಲಿಲ್ಲ ನನಗೆ. ಕೆಟ್ಟ ಮನುಷ್ಯರಲ್ಲ ಅವರು. ಜ್ವರ ಬಂದರೂ ಕಂಬಳಿ ಹೊದ್ದುಕೊಂಡು ಬಂದು ನಮ್ಮ ಮನೆಯ ತಿಥಿ ಮಾಡಿಸಿದವರು. ಅಷ್ಟು ವರ್ಷ ಮನಸ್ಸಿಟ್ಟು ಹೇಳಿದ ಮಂತ್ರ ಒಬ್ಬ ಮುದುಕಿಯ ಸಮಾಧಾನಕ್ಕೆ ಮಾತ್ರ ಎಂದು ಹತ್ತು ಜನರ ಮುಂದೆ ಕೇಳಿಸಿಕೊಂಡರೆ ಯಾರಿಗೆ ನೋವಾಗುವುದಿಲ್ಲ?

ಅಂಗಳಕ್ಕೆ ಬಂದ ಮೇಲೆ ಅತ್ತೆ, “ತಂಗೀ, ನಾಳೆ ಉದ್ದು ಬಿಸಿಲಿಗೆ ಹಾಕವು” ಎಂದರು. ತಿಥಿಯ ವಡೆಗೆ. ತಿಥಿಗೆ ಇನ್ನೂ ಬಹಳ ದಿನವಿತ್ತು.

ಒಳಗೆ ಹೋಗಿ ನಾನು ಇವರ ಮೇಲೆ ಹರಿಹಾಯ್ದೆ. “ನಿಂಗಕ್ಕೆ ಅಷ್ಟೂ ತಿಳಿತಿಲ್ಯಾ? ಕೇಳಿದ್ದು ತಮಾಷೆಗೆ!”

“ಭಟ್ಟರೇ ನಿಜ ಹೇಳಿ ಹೇಳ್ದ. ಆನು ಹೇಳ್ದಿ.”

“ಇಷ್ಟು ವರ್ಷ ಸುಮ್ಮಂಗೆ ಇದ್ದಿದ್ರಲಿ?”

“ಯಾರೂ ಕೇಳಿದ್ವಿಲ್ಲೆ,” ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಆಮೇಲೆ ಏನಾಯಿತು ಎಂದರೆ, ಏನೂ ಆಗಲಿಲ್ಲ. ಅದೇ ನಮ್ಮ ಊರಿನ ರೀತಿ. ದಾರಿಯಲ್ಲಿ ಸಿಕ್ಕವರು ಮೊದಲಿನ ಹಾಗೇ ಮಾತಾಡಿಸಿದರು. ಅವರ ಮಕ್ಕಳು ಇವರ ಶಾಲೆಗೆ ಬಂದರು. ಆದರೆ ಮುಂದಿನ ತಾಳಮದ್ದಳೆಗೆ ಇವರಿಗೆ ಹೇಳಿಕಳಿಸಲಿಲ್ಲ. ಇವರು ಕೇಳಿದ್ದಕ್ಕೆ ಭಾಗವತರು ಬಹಳ ಕಳಕಳಿಯಿಂದ, “ನಿಂಗೆ ಗಂಟಲು ಸರಿ ಇಲ್ಲೆ ಹೇಳಿ ಕೇಳ್ದಿ. ಆರೈಕೆ ಮಾಡ್ಕ ಮಾರಾಯ” ಎಂದರಂತೆ. ಇವರ ಗಂಟಲಿಗೆ ಏನಾಗಿತ್ತು, ಮಣ್ಣು! ಆಮೇಲೆ ಭಟ್ಟರ ಮನೆಯಿಂದ ಮಾತು ಬಂತು: ಈ ಸಲ ತಿಥಿಯ ದಿನ ಬೇರೆ ಕಡೆ ಒಪ್ಪಿಕೊಂಡಾಗಿದೆ, ಬೇಜಾರು ಮಾಡಿಕೊಳ್ಳಬಾರದು. ಇವರು ಹೆಗ್ಗರಣೆಯಲ್ಲಿ ಇನ್ನೊಬ್ಬ ಪುರೋಹಿತರನ್ನು ಕೇಳಲು ಹೋದರು. ಅವರಿಗೆ ಆ ದಿನ ಮಗಳ ಮನೆಗೆ ಹೋಗುವುದಿತ್ತು. ಸಿದ್ದಾಪುರದಲ್ಲಿ ಕೇಳಿದರೆ ಅಲ್ಲಿಯವರಿಗೆ ಸೊಂಟ ನೋವು. ಇಡೀ ತಾಲೂಕಿನಲ್ಲಿ ಆ ಒಂದು ದಿನ ಬಿಡುವಿರುವ ಪುರೋಹಿತ ಒಬ್ಬನೂ ಇರಲಿಲ್ಲ. ಯಾಕೆ ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲ, ಎಲ್ಲರೂ ಬೆಲ್ಲ ನೀರು ಕೊಟ್ಟು ಕಳಿಸಿದರು.

ಅತ್ತೆ ಉದ್ದು ಒಣಗಿಸಿದರು, ಕೇರಿದರು, ಡಬ್ಬಿಯಲ್ಲಿ ತುಂಬಿಟ್ಟರು. ಎಳ್ಳು ಆರಿಸಿದರು. ಯಾರು ಬರುತ್ತಾರೆ ಎಂದು ಮಾತ್ರ ಕೇಳಲಿಲ್ಲ. ಅವರ ಊಟ ಕಡಿಮೆಯಾಗುತ್ತ ಬಂತು. ನಾನು ಬಡಿಸಿದ್ದನ್ನು ಅರ್ಧ ಬಿಟ್ಟು ಏಳುತ್ತಿದ್ದರು. ನೋಡಿ ನೋಡಿ ಇವರಿಗೂ ತಡೆಯಲಾಗಲಿಲ್ಲ. “ಆಯಿ, ಆನೇ ಮಂತ್ರ ಹೇಳಿ ಮಾಡ್ತೆ. ಎಂಗೆ ಬತ್ತು” ಎಂದರು. ಬರುತ್ತಿದ್ದದ್ದು ಹೌದು, ಮುಂಜಿಯಾದಾಗ ಮಾವನವರೇ ಕೂರಿಸಿಕೊಂಡು ಕಲಿಸಿದ್ದರಂತೆ.

ಅತ್ತೆ ಮೊದಲ ಸಲ ಬಾಯಿ ಬಿಟ್ಟರು. “ತಮಾ, ನೀನು ಕರೆದ್ರೆ ಬತ್ವಾ ಅವು, ನಿನ್ನ ಅಪ್ಪಯ್ಯ? ಇಲ್ಲೆ ಹೇಳ್ದವನ ದನಿಗೆ?” ಸಿಟ್ಟಿರಲಿಲ್ಲ ಆ ದನಿಯಲ್ಲಿ, ಅದೇ ಕಷ್ಟ. “ವರ್ಷಕ್ಕೊಂದಿನ ಬಪ್ಪವು. ಬಾಗಿಲು ಹಾಕಿದ್ರೆ ಎಲ್ಲಿಗೆ ಹೋಪದು, ಹೇಳು.”

ಇವರು ಅಂಗಳಕ್ಕೆ ಹೋಗಿ ನಿಂತರು. ಬಹಳ ಹೊತ್ತು ಒಳಗೆ ಬರಲಿಲ್ಲ.

ಆ ಸುಮಾರಿಗೆ ಅತ್ತೆಗೆ ಔಷಧಿ ತರಲು ನಾವಿಬ್ಬರೂ ಶಿರಸಿಗೆ ಹೋಗಿದ್ದೆವು. ಪೇಟೆಯಲ್ಲಿ ಇವರಿಗೊಬ್ಬ ಸ್ನೇಹಿತರಿದ್ದರು. ಬನವಾಸಿ ಕಡೆಯವರು, ಅಡಿಕೆ ವ್ಯಾಪಾರ, ತಾಳಮದ್ದಳೆಯೆಂದರೆ ಪ್ರಾಣ. ಎಲ್ಲಿ ಇವರ ಅರ್ಥವಿದ್ದರೂ ಬಂದು ಕೂರುತ್ತಿದ್ದರು. ನಮ್ಮನ್ನು ಕಂಡವರೇ, “ಬರ್ರಿ ಮಾಸ್ತರ್ರ, ಬರ್ರಿ ಅಕ್ಕಾರ” ಎಂದು ಗಾದಿಯ ಮೇಲೆ ಕೂರಿಸಿ ಚಹಾಕ್ಕೆ ಹೇಳಿದರು. ವಿಷಯ ಅವರಿಗೆ ಆಗಲೇ ಮುಟ್ಟಿತ್ತು. “ಛಲೋ ಹೇಳಿದ್ರಿ ನೋಡ್ರಿ! ನಮ್ಮ ಹಿರೇರೂ ಇದನ್ನ ಹೇಳ್ಯಾರ. ಗುಡಿ ಯಾಕ, ಪಿಂಡ ಯಾಕ, ಸತ್ತವ್ರು ಉಣ್ತಾರೇನ್ರಿ? ನೀವು ನಮ್ಮ ಕಡೆ ಬರ್ರಿ, ನಾ ಕೂಡಸ್ತೇನಿ ತಾಳಮದ್ದಳಿ. ಯಾರು ಏನಂತಾರ ನೋಡೂಣು.”

ಎಷ್ಟೋ ದಿನಗಳ ಮೇಲೆ ಇವರ ಮುಖದಲ್ಲಿ ನಗು ಕಂಡಿತು. ನನಗೂ ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ. ಚಹಾ ಬಂತು. ಇವರು ಸುಮ್ಮನೆ ಚಹಾ ಕುಡಿದಿದ್ದರೆ ಏನು ಗಂಟು ಹೋಗುತ್ತಿತ್ತು? “ಪಿಂಡ ಸುಳ್ಳಾದ್ರೆ ನಿಮ್ಮ ಕೊರಳಲ್ಲಿ ಇಪ್ಪ ಲಿಂಗವೂ ಹಾಗೇ ಅಲ್ಲವೇ?” ಎಂದು ಕೇಳಿದರು. ಕೆಣಕಲು ಕೇಳಿದ್ದಲ್ಲ. ಲೆಕ್ಕ ಹೇಳಿಕೊಡುವಾಗ ಮುಂದಿನ ಮೆಟ್ಟಿಲು ಕೇಳುತ್ತಾರಲ್ಲ, ಹಾಗೆ ಕೇಳಿದರು.

ಅವರ ಕೈ ತಾನಾಗಿ ಅಂಗಿಯ ಮೇಲಿಂದ ಎದೆಯನ್ನು ಮುಟ್ಟಿಕೊಂಡಿತು. ಆ ಮನುಷ್ಯ ಸಿಟ್ಟಾಗಲಿಲ್ಲ. “ಅದು ಬ್ಯಾರೆ ಮಾತ್ರಿ ಮಾಸ್ತರ್ರ” ಎಂದರು. ತಕ್ಕಡಿಯನ್ನು ಬದಿಗೆ ಸರಿಸಿದರು. ಆಮೇಲೆ, “ಚಾ ಆರ್ತದ, ತಗೋರ್ರಿ. ನಿಮ್ಮ ಮೋಟಾರಿನ ಹೊತ್ತಾತು” ಎಂದರು. ಮೋಟಾರಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ತಾಳಮದ್ದಳೆಯ ಮಾತು ಮತ್ತೆ ಬರಲಿಲ್ಲ.

ಬಸ್ಸಿನಲ್ಲಿ ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನನಗೆ ನಗುವೂ ಬಂತು, ಅಳುವೂ ಬಂತು. “ನಿಂಗಕ್ಕೆ ಜಗತ್ತಿನಲ್ಲಿ ಒಬ್ಬರನ್ನಾದರೂ ಉಳಿಸಿಕೊಳ್ಳವು ಹೇಳಿ ಇಲ್ಯಾ?” ಎಂದೆ. “ಇದ್ದು,” ಎಂದರು, “ನಿನ್ನ.” ನಾನು ಔಷಧಿಯ ಶೀಸೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

ತಿಥಿ ಹತ್ತಿರ ಬಂದಾಗ ಭಾಗವತರು ಮನೆಗೆ ಬಂದರು. ಊರಿಗೆ ಹಿರಿಯರು, ದೇವಸ್ಥಾನದ ಮೊಕ್ತೇಸರರೂ ಅವರೇ. ಇವರಿಗೆ ಚಿಕ್ಕಂದಿನಲ್ಲಿ ಅರ್ಥ ಹೇಳಲು ಕಲಿಸಿದವರು. ಆಸರಿಗೆ ಕುಡಿದರು, ಕವಳ ಹಾಕಿದರು, ದನದ ವಿಷಯ ಮಾತಾಡಿದರು. ಆಮೇಲೆ ಮೆಲ್ಲಗೆ, “ಅದೇ ಪ್ರಸಂಗ ಇನ್ನೊಂದು ಸಲ ಇಟ್ಕಂಬನ ಹೇಳಿ ಇದ್ದು. ನೀನು ಬರವು” ಎಂದರು.

ಇವರ ಕಣ್ಣು ಅರಳಿತು. “ಬತ್ತೆ.”

“ಅಸುರಂದು ಬ್ಯಾಡ. ಮಗನ ಅರ್ಥ ಹೇಳು. ಭಕ್ತಂದು.”

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಒಳಗೆ ಮಲಗಿದ್ದರು, ಎಚ್ಚರವಿದ್ದರು. ಇವರು, “ನಂಬದೆ ಹೇಳಿದ್ರೆ ಸುಳ್ಳಾಗ್ತಿಲ್ಯಾ ಭಾಗವತರೇ?” ಎಂದು ಕೇಳಿದರು.

“ಇಷ್ಟು ವರ್ಷ ಅಸುರನ ಅರ್ಥ ಹೇಳ್ದೆ. ನೀನು ಅಸುರ ಹೇಳಿ ಯಾರಾದ್ರೂ ತಿಳ್ಕಂಡ್ವಾ? ಇದೂ ಹಾಂಗೇ. ನಂಬು ಹೇಳಿ ಯಾರೂ ಹೇಳ್ತಾ ಇಲ್ಲೆ. ಕೂತು ಅರ್ಥ ಹೇಳು, ಎಲ್ಲರ ಸಂಗಡ ಕವಳ ಹಾಕು. ಭಟ್ಟರಿಗೆ ಆನು ಹೇಳ್ತೆ.”

ನನಗೆ ತಡೆಯಲಾಗಲಿಲ್ಲ. ಹಿರಿಯರ ಮುಂದೆ ಮಾತಾಡಬಾರದು ಎಂಬುದನ್ನೂ ಮರೆತು ಕೇಳಿದೆ: “ಅಲ್ಲ, ಇವು ಪಾತ್ರಕ್ಕೆ ಹೇಳ್ತ್ವಾ, ನಿಜವಾಗಿ ಹೇಳ್ತ್ವಾ ಹೇಳಿ ದೇವರಿಗೆ ಗೊತ್ತಾಗ್ತಿಲ್ಯಾ?”

ಭಾಗವತರು ನನ್ನ ಕಡೆ ತಿರುಗಿದರು. ಸಿಟ್ಟು ಮಾಡಲಿಲ್ಲ, ಅವರೂ ದಣಿದಿದ್ದರು ಅನ್ನಿಸುತ್ತದೆ. “ದೇವರಿಗೆ ಗೊತ್ತಾಗ್ತು ತಂಗಿ. ಊರಿಗೆ ಗೊತ್ತಾಗದೆ ಇದ್ರೆ ಸಾಕು” ಎಂದರು.

ಅವರು ಹೋದ ಮೇಲೆ ಇವರು ನನ್ನನ್ನೇನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ! ಒಂದು ಕಡೆ ಆ ಮುದುಕಿ ಅನ್ನ ಬಿಡುತ್ತಿದ್ದರು. ಇನ್ನೊಂದು ಕಡೆ ಈ ಮನುಷ್ಯನಿಗೆ ಜೀವನದಲ್ಲಿ ಇದ್ದದ್ದು ಆ ಚಾಪೆ ಒಂದು, ಸುಳ್ಳು ಹೇಳದಿರುವುದು ಒಂದು. ಅತ್ತ ದರಿ, ಇತ್ತ ಪುಲಿ. ನಾನು ದೇವರ ಮುಂದೆ ಕೂತೆ. ನನ್ನದು ಪ್ರಾರ್ಥನೆ ಎನ್ನುವಂಥದ್ದಲ್ಲ, ದೂರು. ಮನೆಮಾತಿನಲ್ಲೇ, ತವರಿನವರ ಹತ್ತಿರ ಹೇಳಿಕೊಳ್ಳುವ ಹಾಗೆ, “ನೋಡು ಮಾರಾಯ, ಎಂತ ಮಾಡಲಿ, ನೀನೇ ಹೇಳು” ಎಂದು ಕೃಷ್ಣನಿಗೆ ಕಾಟ ಕೊಡುತ್ತಿದ್ದೆ. ಆ ದಿನವೂ ಹಾಗೇ ಕೊಟ್ಟೆ. ಹೊರಗೆ ಬಂದಾಗ ಇವರು ಅತ್ತೆಯ ಹತ್ತಿರ ಕೂತು ಅವರ ಕಾಲು ಒತ್ತುತ್ತಿದ್ದರು. “ಆಯಿ, ಭಟ್ಟರು ಬತ್ತ. ಉಣ್ಣು” ಎನ್ನುತ್ತಿದ್ದರು.

ಅದೇ ಪ್ರಸಂಗದ ಎರಡನೆಯ ತಾಳಮದ್ದಳೆಗೆ ಪೌಳಿ ಹಿಡಿಸಲಾರದಷ್ಟು ಜನ ಬಂದಿದ್ದರು. ಎಲ್ಲರಿಗೂ ಗೊತ್ತು ಯಾಕೆಂದು. ಇವರು ಭಕ್ತನ ಜಾಗದಲ್ಲಿ ಕೂತರು. ನಾನು ಅಂದುಕೊಂಡಿದ್ದೆ, ಒಪ್ಪಿಸಿ ಎದ್ದುಬರುತ್ತಾರೆ, ನಾಲ್ಕು ಮಾತು, ಸಪ್ಪೆ ಸಪ್ಪೆಯಾಗಿ. ಆದರೆ ಇವರಿಗೆ ಕೆಟ್ಟದಾಗಿ ಅರ್ಥ ಹೇಳಲು ಬರುತ್ತಿರಲಿಲ್ಲ. ಬಾಯಿ ಬಿಟ್ಟರೆ ಒಳ್ಳೆಯದೇ ಬರಬೇಕು, ಅದೊಂದು ಹಣೆಬರಹ. ಭಾಗವತರ ಪದ್ಯ ಮುಗಿಯಿತು, ಮದ್ದಳೆ ನಿಂತಿತು. ಇವರು ಮೆಲ್ಲಗೆ ಶುರುಮಾಡಿದರು:

“ಪ್ರಭೂ, ನೀನಿರುವೆಯೆಂದು ನಾನು ಯಾರಿಗೂ ತೋರಿಸಿಕೊಡಲಾರೆ. ನನ್ನ ತಂದೆಗೆ ತೋರಿಸಲಾರೆ, ನನಗೆ ನಾನೂ ತೋರಿಸಿಕೊಳ್ಳಲಾರೆ. ಕತ್ತಲಲ್ಲಿ ತಾಯಿಯ ಸೆರಗು ಹಿಡಿದು ನಡೆಯುವ ಮಗುವಿಗೆ ತಾಯಿಯ ಮುಖ ಕಾಣುವುದಿಲ್ಲ. ಕಾಣುವುದಿಲ್ಲವೆಂದು ಅದು ಸೆರಗು ಬಿಡುವುದೆ? ನೀನು ಇಲ್ಲದಿದ್ದರೂ ಈ ಸೆರಗು ನನ್ನ ಕೈಯಲ್ಲಿರಲಿ.”

ಅಯ್ಯೋ ದೇವರೇ! ಭಟ್ಟರು ಹೆಗಲ ಮೇಲಿನ ಶಾಲಿನಿಂದ ಕಣ್ಣೊರೆಸಿಕೊಂಡರು. ಅತ್ತೆ ಕೈ ಮುಗಿದುಕೊಂಡು ಕೂತಿದ್ದರು. ನಾನು ಅತ್ತೆ, ಬಿಕ್ಕಿ ಬಿಕ್ಕಿ ಅತ್ತೆ. ಗೊತ್ತಿದ್ದೂ ಅತ್ತೆ. ನಡುವೆ ಒಮ್ಮೆ ಇವರು ಹೆಂಗಸರ ಕಡೆ ಕಣ್ಣು ಹಾಯಿಸಿದರು, ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಮಂಗಳವಾದ ಮೇಲೆ ಭಟ್ಟರೇ ಎದ್ದು ಬಂದು ಇವರ ಎರಡೂ ಕೈ ಹಿಡಿದುಕೊಂಡರು. ಹರಿವಾಣ ಬಂತು. ಯಾರೂ ಏನೂ ಕೇಳಲಿಲ್ಲ.

ತಿಥಿ ಚೆನ್ನಾಗಿ ಆಯಿತು. ಭಟ್ಟರು ಬಂದರು, ಹೆಗ್ಗರಣೆಯವರು ಬಂದರು, ಸೊಂಟ ನೋವಿನವರೂ ಬಂದರು. ವಡೆ, ಸುಟ್ಟೇವು, ಪಾಯಸ ಎಲ್ಲ ಉಂಡು, “ಹಿಂದೆಂದೂ ಇಷ್ಟು ಶ್ರದ್ಧೆಯ ತಿಥಿ ಕಂಡಿದ್ದಿಲ್ಲೆ” ಎಂದು ಹೇಳಿಹೋದರು. ಇವರು ಪ್ರತಿ ವರ್ಷ ಮಾಡುತ್ತಿದ್ದದ್ದನ್ನೇ ಮಾಡಿದ್ದರು. ಸಂಜೆ ಅತ್ತೆ ನನ್ನ ಹತ್ತಿರ, “ನಿನ್ನ ಮಾವಂಗೆ ಹೊಟ್ಟೆ ತುಂಬಿತು ತಂಗಿ. ಮಾಣಿಯೂ ಸರಿ ಆದ” ಎಂದರು. ಅವರ ಮುಖ ನೋಡಿ ನನಗೆ ಸಂತೋಷವಾಯಿತು. ಆ ಸಂತೋಷ ನಿಜವಾದದ್ದು, ಅದನ್ನು ಇಲ್ಲ ಎನ್ನಲಾರೆ. ಅತ್ತೆ ಮುಂದೆ ಕೆಲವು ವರ್ಷ ಬದುಕಿದರು, ಮಗ ಭಕ್ತನಾದ ಎಂದು ತಿಳಿದುಕೊಂಡೇ ಸತ್ತರು.

ಇವರಿಗೆ ಮಾತ್ರ ಬಿಡುಗಡೆಯಾಗಲಿಲ್ಲ. ಆ ಅರ್ಥದ ಸುದ್ದಿ ಶಿರಸಿಗೆ ಹೋಯಿತು, ಯಲ್ಲಾಪುರಕ್ಕೆ ಹೋಯಿತು. ವಜ್ರಳ್ಳಿಯಿಂದ ಕರೆ ಬಂತು, ನನ್ನ ತವರಿನಿಂದಲೂ ಬಂತು. ಎಲ್ಲರಿಗೂ ಆ ಭಕ್ತನೇ ಬೇಕು. ಇವರು ಹೋಗಿ ಹೇಳಿ ಬರುತ್ತಿದ್ದರು. ಮುದುಕಿಯರು ಇವರ ಕಾಲು ಮುಟ್ಟುತ್ತಿದ್ದರಂತೆ. ಅಸುರನ ಪಾತ್ರ ಬೇರೆ ಯಾರದೋ ಆಯಿತು. ಮನೆಗೆ ಬಂದರೆ ಮಾತಿಲ್ಲ, ಕಥೆಯಿಲ್ಲ. ಮೊದಲು ಚಾಪೆಯಿಂದ ಎದ್ದು ಬಂದ ದಿನ ನನ್ನನ್ನು ಕೂರಿಸಿಕೊಂಡು ಅಲ್ಲಿ ಹೀಗೆ ಹೇಳಿದೆ, ಅವನು ಹಾಗೆ ಸಿಕ್ಕಿಬಿದ್ದ ಎಂದು ಮಕ್ಕಳ ಹಾಗೆ ಹೇಳುತ್ತಿದ್ದವರು. ಒಂದು ದಿನ ವಜ್ರಳ್ಳಿಯಿಂದ ಬಂದವರು ಅಡುಗೆಮನೆಗೆ ಬಂದು ನನ್ನ ಬೆನ್ನ ಹಿಂದೆ ನಿಂತು, “ನಿಂಗೆ ಗೊತ್ತಿದ್ದಲಿ?” ಎಂದು ಕೇಳಿದರು.

ನಾನು ತಿರುಗಲಿಲ್ಲ. “ಗೊತ್ತಿದ್ದು” ಎಂದೆ.

“ಒಬ್ಬರಿಗಾದರೂ ಗೊತ್ತಿರ್ಲಿ” ಎಂದು ಹೊರಗೆ ಹೋದರು.

ಅವರಿಗೆ ಗೊತ್ತಿಲ್ಲದ್ದು ಒಂದಿತ್ತು. ನಮ್ಮ ಊರಿನ ಆ ತಾಳಮದ್ದಳೆಯ ಮಾರನೆಯ ದಿನ ನಾನು ಎಂದಿನಂತೆ ಕೃಷ್ಣನ ಮುಂದೆ ಕೂತೆ. ನನ್ನ ದೂರು ಶುರುಮಾಡಬೇಕೆಂದು ಬಾಯಿ ತೆರೆದರೆ ಬಂದದ್ದು ಇವರ ಮಾತು. ‘ನೀನಿರುವೆಯೆಂದು ನಾನು ಯಾರಿಗೂ ತೋರಿಸಿಕೊಡಲಾರೆ.’ ತಲೆ ಕೊಡವಿ ಮತ್ತೆ ಶುರುಮಾಡಿದೆ, ಮತ್ತೆ ಅದೇ. ಅಷ್ಟು ಚಂದದ ಮಾತು ಕೇಳಿದ ಮೇಲೆ ನನ್ನ ಮನೆಮಾತು ನನಗೇ ಬಡಕಲಾಗಿ ಕಂಡಿತು. ಆದರೆ ಆ ಚಂದದ ಮಾತು ಆಡಿದವನು ನಂಬಿ ಆಡಿದ್ದಲ್ಲ ಎಂದು ಇಡೀ ಜಗತ್ತಿನಲ್ಲಿ ನನಗೊಬ್ಬಳಿಗೇ ಖಚಿತವಾಗಿ ಗೊತ್ತು. ಊರಿನವರು ಅದನ್ನು ಮನೆಗೊಯ್ದು ತಮ್ಮ ದೇವರ ಮುಂದೆ ಹೇಳಿಕೊಂಡರು, ಪುಣ್ಯವಂತರು. ನನಗೆ ಆ ಸುಖವೂ ಇಲ್ಲ. ಇವರ ‘ಇಲ್ಲೆ’ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು ವರ್ಷಗಟ್ಟಲೆ ಪೂಜೆ ಮಾಡಿದವಳು ನಾನು, ಅದರಿಂದ ನನ್ನ ದೇವರಿಗೆ ಒಂದು ಕೂದಲೂ ಕೊಂಕಿರಲಿಲ್ಲ. ಇವರ ಭಕ್ತಿಯನ್ನು ತಡೆದುಕೊಳ್ಳಲು ಆಗಲಿಲ್ಲ. ದಿನಾ ಕೂತೆ, ದಿನಾ ಅದೇ ಮಾತು ಬಂತು. ಕೊನೆಗೆ ಒಂದು ಬೆಳಿಗ್ಗೆ ಸುಮ್ಮನೆ ನೋಡುತ್ತ ಕೂತಿದ್ದಾಗ, ಎದುರಿಗೆ ಕೇಳಿಸಿಕೊಳ್ಳುವವರು ಯಾರೋ ಇದ್ದಾರೆ ಎಂದು ಅನ್ನಿಸಲೇ ಇಲ್ಲ. ಆಮೇಲೆ ಯಾವತ್ತೂ ಅನ್ನಿಸಲಿಲ್ಲ.

ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದಿತ್ತು. ನನ್ನೊಬ್ಬಳನ್ನು ಉಳಿಸಿಕೊಳ್ಳಬೇಕು ಎಂದಿದ್ದ ಮನುಷ್ಯನಿಗೆ ಹೇಗೆ ಹೇಳುವುದು, ನಿಮ್ಮ ಆ ಅರ್ಥದಿಂದ ಹೀಗಾಯಿತೆಂದು? ಹೇಳಲಿಲ್ಲ. ಇವರೂ ಹೋದರು.

ಈಗ ಇವರ ತಿಥಿ ಬರುತ್ತದೆ. ಆ ಭಟ್ಟರ ಮಗ ಬಂದು ಮಾಡಿಸುತ್ತಾನೆ, ಅಪ್ಪನ ಹಾಗೇ ಒಳ್ಳೆಯವನು. ಊಟಕ್ಕೆ ಕೂತಾಗ ಪ್ರತಿ ಸಲವೂ, “ಅತ್ತೇ, ಮಾಸ್ತರ್ರಂಥ ಭಕ್ತರು ಇನ್ನು ಹುಟ್ಟದಿಲ್ಲೆ” ಎನ್ನುತ್ತಾನೆ. ಇನ್ನೊಂದು ವಡೆ ಹಾಕಲೇ ಎಂದು ಕೇಳಿ ಬಡಿಸುತ್ತೇನೆ.